ಎಳೆಯ ಆಟಗಾರ, ದೀರ್ಘ ಕರಾರು: ಮುಂಗಡ ಬೆಲೆಯ ಲೆಕ್ಕಾಚಾರ

ಮಾಲು ಕೈಗೆ ಬರುವ ಮುನ್ನವೇ ಅದಕ್ಕೆ ಬೆಲೆ ಕಟ್ಟುವುದು ವರ್ತಕರಿಗೆ ಹೊಸತಲ್ಲ. ಹೂವು ಬಿಟ್ಟ ಮಾವಿನ ತೋಪನ್ನು ಗುತ್ತಿಗೆ ಹಿಡಿಯುವವರೂ ಅಡಿಕೆ ತೋಟದ ಫಸಲನ್ನು ಚೇಣಿಗೆ ಪಡೆಯುವವರೂ ಮಾಡುವುದು ಇದನ್ನೇ. ಮಳೆ ಹೇಗೆ ಬಂದೀತು, ಕೊಳೆರೋಗ ತಗಲೀತೇ, ಕೊಯ್ಲಿನ ಹೊತ್ತಿಗೆ ಧಾರಣೆ ಎಲ್ಲಿರುತ್ತದೆ ಎಂಬುದು ಯಾರಿಗೂ ತಿಳಿಯದು. ತೋಟದವನಿಗೆ ಇಂದು ಹಣ ಬೇಕು. ಚೇಣಿದಾರನಿಗೆ ನಾಳಿನ ಲಾಭ ಬೇಕು. ಇಬ್ಬರ ನಡುವೆ ಕೈ ಬದಲಾಗುವುದು ಅಡಿಕೆಗಿಂತ ಹೆಚ್ಚಾಗಿ ಅನಿಶ್ಚಿತತೆ. ಇದೇ ವ್ಯವಹಾರವು ಮನುಷ್ಯನ ದುಡಿಮೆಯ ಮೇಲೆ ನಡೆದಾಗ ಏನಾಗುತ್ತದೆ ಎಂಬುದನ್ನು ಅರಿಯಲು ಅಮೆರಿಕದ ಬೇಸ್‌ಬಾಲ್ ಕ್ಷೇತ್ರದಷ್ಟು ಸ್ಪಷ್ಟವಾದ ಲೆಕ್ಕಪುಸ್ತಕ ಬೇರೆಡೆ ದೊರೆಯುವುದು ಅಪರೂಪ. ಅಲ್ಲಿ ಪ್ರತಿಯೊಂದು ಕರಾರಿನ ಮೊತ್ತವೂ ಅವಧಿಯೂ ಬಹಿರಂಗ. ಆಟಗಾರನ ಸಾಧನೆಯೂ ದಿನದಿನಕ್ಕೆ ಬಹಿರಂಗ.

ಈ ಲೆಕ್ಕವನ್ನು ಮನೆಯಲ್ಲೇ ಕುಳಿತು ಪ್ರಯೋಗಿಸಿ ನೋಡುವ ಗಣಕಯಂತ್ರದ ಆಟಗಳೂ ಉಂಟು. 1997ರಲ್ಲಿ ಬಂದ 'ಬೇಸ್‌ಬಾಲ್ ಮೊಗಲ್', 1999ರಲ್ಲಿ ಜರ್ಮನಿಯ ಮಾರ್ಕುಸ್ ಹೈನ್‌ಸೋನ್ ಹೊರತಂದ 'ಔಟ್ ಆಫ್ ದಿ ಪಾರ್ಕ್ ಬೇಸ್‌ಬಾಲ್' ಇವುಗಳಲ್ಲಿ ಪ್ರಮುಖವಾದವು. ಇವುಗಳಲ್ಲಿ ಆಡುವವನು ದಾಂಡು ಬೀಸುವುದಿಲ್ಲ, ಚೆಂಡು ಎಸೆಯುವುದಿಲ್ಲ. ತಂಡದ ವ್ಯವಸ್ಥಾಪಕನ ಕುರ್ಚಿಯಲ್ಲಿ ಕೂರುತ್ತಾನೆ. ಮಾಲೀಕನು ಗೊತ್ತುಪಡಿಸಿದ ಆಯವ್ಯಯದೊಳಗೆ ಆಟಗಾರರನ್ನು ಆಯ್ದು, ಸಂಬಳ ನಿಗದಿಪಡಿಸಿ, ಕರಾರು ಮಾಡಿಕೊಂಡು ತಂಡವನ್ನು ನಡೆಸಬೇಕು. ಆಟಗಾರನ ಇಂದಿನ ಸಾಮರ್ಥ್ಯ ಇಷ್ಟು, ಮುಂದೆ ತಲುಪಬಹುದಾದ ಮಟ್ಟ ಇಷ್ಟು ಎಂದು ಶೋಧಕನೊಬ್ಬ ಅಂದಾಜು ಕೊಡುತ್ತಾನೆ. ಅಂದಾಜು ತಪ್ಪಬಹುದು, ಆಟಗಾರ ಗಾಯಗೊಳ್ಳಬಹುದು, ಕಾರಣವೇ ಕಾಣದೆ ಬೆಳವಣಿಗೆ ನಿಂತುಬಿಡಬಹುದು. ಆಟಗಾರನ ನಿಷ್ಠೆ, ಹಣದಾಸೆ ಮೊದಲಾದ ಗುಣಗಳಿಗೂ ಈ ಆಟದಲ್ಲಿ ಅಳತೆಯುಂಟು. ಹಣದಾಸೆ ಹೆಚ್ಚಿದ್ದವನು ಚೌಕಾಶಿಗೆ ಬಗ್ಗುವುದಿಲ್ಲ.

ಈ ಆಟಗಳಲ್ಲಿ ಪಳಗಿದವರು ಬೇಗ ಕಲಿಯುವ ಪಾಠವೊಂದಿದೆ. ಭರವಸೆ ಮೂಡಿಸಿದ ಎಳೆಯ ಆಟಗಾರನೊಡನೆ, ಅವನು ಪೂರ್ಣ ಪ್ರವರ್ಧಮಾನಕ್ಕೆ ಬರುವ ಮುನ್ನವೇ, ಏಳೆಂಟು ವರ್ಷಗಳ ಕರಾರು ಮಾಡಿಕೊಂಡುಬಿಡಬೇಕು. ಮುಂದೆ ಅವನ ಬೆಲೆ ಮೂರು ಪಟ್ಟಾದಾಗ ತಂಡವು ಹಳೆಯ ದರದಲ್ಲೇ ಅವನ ಆಟವನ್ನು ಪಡೆಯುತ್ತಿರುತ್ತದೆ. ಈ ಪಾಠ ಸುಳ್ಳಲ್ಲ. ಆದರೆ ಅರ್ಧ ಮಾತ್ರ ನಿಜ. ಉಳಿದರ್ಧವನ್ನು ಅರಿಯಬೇಕಾದರೆ ಅಲ್ಲಿನ ನಿಯಮಗಳನ್ನು ಮೊದಲು ತಿಳಿದುಕೊಳ್ಳಬೇಕು.

ಪ್ರಮುಖ ಲೀಗ್‌ಗೆ ಕಾಲಿಟ್ಟ ಆಟಗಾರನು ಸಾಮಾನ್ಯವಾಗಿ ಮೊದಲ ಮೂರು ವರ್ಷ ಕನಿಷ್ಠ ವೇತನದ ಆಸುಪಾಸಿನಲ್ಲೇ ದುಡಿಯಬೇಕು. 2026ರ ಕನಿಷ್ಠ ವೇತನ 7.8 ಲಕ್ಷ ಡಾಲರ್. ನಂತರದ ಮೂರು ವರ್ಷ ಸಂಬಳದ ವಿಚಾರದಲ್ಲಿ ಒಮ್ಮತ ಮೂಡದಿದ್ದರೆ ಮಧ್ಯಸ್ಥರ ಮುಂದೆ ಹೋಗಬಹುದು. ಸಂಬಳ ಏರುತ್ತದೆ, ಆದರೆ ತಂಡ ಬದಲಿಸುವ ಸ್ವಾತಂತ್ರ್ಯ ಇರುವುದಿಲ್ಲ. ಆರು ವರ್ಷ ಪೂರೈಸಿದ ಮೇಲಷ್ಟೇ ಮುಕ್ತ ಮಾರುಕಟ್ಟೆ. ಈ ಲೆಕ್ಕದಲ್ಲಿ ಒಂದು ವರ್ಷವೆಂದರೆ 172 ದಿನ. 2015ರಲ್ಲಿ ಚಿಕಾಗೊ ಕಬ್ಸ್ ತಂಡವು ಕ್ರಿಸ್ ಬ್ರಯಂಟ್ ಎಂಬ ಪ್ರತಿಭಾವಂತನನ್ನು ಋತು ಆರಂಭವಾದ ಕೆಲವು ದಿನಗಳ ನಂತರ ಕರೆಸಿಕೊಂಡಿತು. ಅವನ ಖಾತೆಗೆ ಬಿದ್ದದ್ದು 171 ದಿನ. ಒಂದು ದಿನದ ಕೊರತೆಯಿಂದ ಅವನ ಬಿಡುಗಡೆ ಒಂದು ವರ್ಷ ಮುಂದೆ ಹೋಯಿತು. ಆತ ದೂರು ಸಲ್ಲಿಸಿದನಾದರೂ 2020ರಲ್ಲಿ ಅದು ತಿರಸ್ಕೃತವಾಯಿತು. ಹಾಜರಿ ಪುಸ್ತಕದ ಒಂದು ಗೆರೆಗೆ ಎಷ್ಟು ಬೆಲೆಯಿದೆ ಎಂಬುದನ್ನು ಕಾರ್ಖಾನೆ ನಡೆಸುವವರಿಗೆ ವಿವರಿಸಬೇಕಾಗಿಲ್ಲ.

1975ರ ಡಿಸೆಂಬರ್‌ಗೆ ಮುನ್ನ ಈ ಆರು ವರ್ಷದ ಮಿತಿಯೂ ಇರಲಿಲ್ಲ. ಆಟಗಾರನು ಆಜೀವ ಪರ್ಯಂತ ಒಂದೇ ತಂಡದ ಸೊತ್ತು ಎಂಬಂತಹ ಪದ್ಧತಿಯಿತ್ತು. ಮಧ್ಯಸ್ಥ ಪೀಟರ್ ಸೈಟ್ಸ್ ಅವರ ತೀರ್ಪು ಅದನ್ನು ಮುರಿಯಿತು. ಆ ಬಳಿಕ ಸಂಬಳಗಳು ಏರತೊಡಗಿದಾಗ, ಎಳೆಯರನ್ನು ಮುಂಚಿತವಾಗಿ ಕಟ್ಟಿಹಾಕುವ ಉಪಾಯವನ್ನು ವ್ಯವಸ್ಥಿತವಾಗಿ ಕೈಗೊಂಡವರು ಕ್ಲೀವ್‌ಲ್ಯಾಂಡ್ ತಂಡದ ಜಾನ್ ಹಾರ್ಟ್. 1992ರಿಂದ ಅವರು ಸ್ಯಾಂಡಿ ಅಲೋಮರ್, ಕಾರ್ಲೋಸ್ ಬೇರ್ಗಾ, ಚಾರ್ಲ್ಸ್ ನ್ಯಾಗಿ ಮೊದಲಾದ ಯುವಕರೊಡನೆ ಬಹುವಾರ್ಷಿಕ ಕರಾರುಗಳನ್ನು ಮಾಡಿಕೊಂಡರು. ಸೋಲುವುದನ್ನೇ ರೂಢಿ ಮಾಡಿಕೊಂಡಿದ್ದ ಆ ತಂಡ 1995ರಲ್ಲೂ 1997ರಲ್ಲೂ ವಿಶ್ವ ಸರಣಿಯ ಅಂತಿಮ ಹಂತಕ್ಕೇರಿತು. 1995ರಿಂದ 2001ರವರೆಗೆ ಅದರ ಮೈದಾನದಲ್ಲಿ ಸತತ 455 ಪಂದ್ಯಗಳ ಟಿಕೆಟ್‌ಗಳು ಪೂರ್ಣ ಮಾರಾಟವಾದವು. ಹಾರ್ಟ್ ಅವರ ಜಾಣ್ಮೆ ಒಬ್ಬ ತಾರೆಯನ್ನು ಗುರುತಿಸಿದ್ದರಲ್ಲಿ ಇರಲಿಲ್ಲ. ಒಮ್ಮೆಗೇ ಹಲವರೊಡನೆ ಕರಾರು ಮಾಡಿಕೊಂಡದ್ದರಲ್ಲಿತ್ತು.

ಈ ಮಾತನ್ನು ಅಂಕಿಗಳಲ್ಲಿ ಪರೀಕ್ಷಿಸಬಹುದು. ಇದು ಕೇವಲ ಉದಾಹರಣೆಗಾಗಿ ಹೂಡಿದ ಲೆಕ್ಕ; ಬಡ್ಡಿಯನ್ನು ಬದಿಗಿಡಲಾಗಿದೆ. ಭರವಸೆಯ ಹತ್ತು ಯುವಕರಿದ್ದಾರೆಂದೂ ಪ್ರತಿಯೊಬ್ಬನಿಗೂ ಎಂಟು ವರ್ಷಕ್ಕೆ 5 ಕೋಟಿ ಡಾಲರ್‌ನ ಕರಾರು ಕೊಡಲಾಯಿತೆಂದೂ ಇಟ್ಟುಕೊಳ್ಳೋಣ. ಹತ್ತರಲ್ಲಿ ಮೂವರು ನಿಜಕ್ಕೂ ತಾರೆಗಳಾಗುತ್ತಾರೆ. ಕರಾರಿಲ್ಲದೆ ವರ್ಷವರ್ಷಕ್ಕೆ ಕೊಡುತ್ತ ಹೋಗಿದ್ದರೆ ಅಂಥವನೊಬ್ಬನಿಗೆ 8.2 ಕೋಟಿ ತೆರಬೇಕಾಗುತ್ತಿತ್ತು. ನಾಲ್ವರು ಸಾಧಾರಣ ಆಟಗಾರರಾಗುತ್ತಾರೆ. ಅವರಿಗೆ ತಲಾ 3.7 ಕೋಟಿ ಸಾಕಾಗುತ್ತಿತ್ತು. ಉಳಿದ ಮೂವರು ವಿಫಲರಾಗುತ್ತಾರೆ. ಕನಿಷ್ಠ ವೇತನದಲ್ಲಿ ಕೆಲಕಾಲ ಆಡಿಸಿ, ತಲಾ 30 ಲಕ್ಷದಲ್ಲಿ ಕೈತೊಳೆದುಕೊಳ್ಳಬಹುದಿತ್ತು. ಎಲ್ಲವನ್ನೂ ಕೂಡಿದರೆ 24.6, 14.8, 0.9; ಒಟ್ಟು 40.3 ಕೋಟಿ. ಕರಾರುಗಳಿಗೆ ತೆತ್ತದ್ದು 50 ಕೋಟಿ. ಮೂವರು ತಾರೆಗಳಿಂದ ತಲಾ 3.2 ಕೋಟಿ ಉಳಿಸಿದೆವೆಂದು ಬೀಗುತ್ತಿರುವಾಗಲೇ ತಂಡವು ಒಟ್ಟಾರೆ 9.7 ಕೋಟಿ ಕಳೆದುಕೊಂಡಿರುತ್ತದೆ!

ಅದೇ ಕರಾರನ್ನು 3.5 ಕೋಟಿಗೆ ಕುದುರಿಸಿದ್ದರೆ 5.3 ಕೋಟಿ ಉಳಿಯುತ್ತಿತ್ತು. ಲಾಭನಷ್ಟಗಳ ಗಡಿರೇಖೆ ಇರುವುದು 4.03 ಕೋಟಿಯಲ್ಲಿ. ಶೋಧಕನ ಕಣ್ಣು ತುಸು ಚುರುಕಾಗಿದ್ದು, ಸಾಧಾರಣರಲ್ಲಿ ಒಬ್ಬನ ಬದಲು ಇನ್ನೊಬ್ಬ ತಾರೆಯನ್ನು ಆರಿಸಿದ್ದರೆ ಗಡಿರೇಖೆ 4.48 ಕೋಟಿಗೆ ಏರುತ್ತದೆ. ಅಂದರೆ ಹತ್ತರಲ್ಲಿ ಒಂದೇ ಒಂದು ಉತ್ತಮ ಆಯ್ಕೆಗೆ ಸರಾಸರಿ ಕರಾರೊಂದಕ್ಕೆ 45 ಲಕ್ಷ ಡಾಲರ್ ಬೆಲೆ. ಗಣಕದ ಆಟವಾಡುವವರು ಬಹುತೇಕ ಎಡವುವುದು ಇಲ್ಲೇ. ಅವರ ಲೆಕ್ಕದಲ್ಲಿ ತಾರೆ ಮಾತ್ರ ಇರುತ್ತಾನೆ. ಮೇಲಾಗಿ ಕರಾರು ಕೈಕೊಟ್ಟಾಗ ಹಿಂದೆ ಉಳಿಸಿಟ್ಟ ಕಡತವನ್ನು ಪುನಃ ತೆರೆದು, ಆ ಸಹಿಯೇ ಬಿದ್ದಿರಲಿಲ್ಲವೆಂಬಂತೆ ಮುಂದುವರಿಯುವ ಸೌಲಭ್ಯವೂ ಅವರಿಗುಂಟು. ಮಂಡಿಯಲ್ಲಿ ಅಂಥ ಕಡತವನ್ನು ಯಾರೂ ಕಂಡಿಲ್ಲ.

ನಿಜ ಜೀವನದ ನಿದರ್ಶನಗಳು ಎರಡೂ ಪಕ್ಕದಲ್ಲಿ ಹೇರಳವಾಗಿವೆ. 2008ರ ಏಪ್ರಿಲ್‌ನಲ್ಲಿ ಟ್ಯಾಂಪಾ ಬೇ ತಂಡವು, ಪ್ರಮುಖ ಲೀಗ್‌ಗೆ ಬಂದು ಒಂದು ವಾರವೂ ತುಂಬದ ಇವಾನ್ ಲಾಂಗೋರಿಯಾ ಅವರೊಡನೆ ಆರು ವರ್ಷಕ್ಕೆ 1.75 ಕೋಟಿ ಡಾಲರ್‌ನ ಕರಾರು ಮಾಡಿಕೊಂಡಿತು. ಇನ್ನೂ ಮೂರು ವರ್ಷ ಮುಂದುವರಿಸುವ ಆಯ್ಕೆ ತಂಡದ ಕೈಯಲ್ಲಿತ್ತು. ಅದೇ ವರ್ಷ ಆತ ಅಮೆರಿಕನ್ ಲೀಗ್‌ನ ಶ್ರೇಷ್ಠ ಹೊಸ ಆಟಗಾರನೆನಿಸಿದರು, ತಂಡ ವಿಶ್ವ ಸರಣಿಗೇರಿತು. ಆದಾಯ ಕಡಿಮೆಯಿರುವ ತಂಡಗಳೆಲ್ಲ ಅಂದಿನಿಂದ ಆ ದಾರಿಯತ್ತ ನೋಡತೊಡಗಿದವು.

2014ರ ಜೂನ್‌ನಲ್ಲಿ ಹ್ಯೂಸ್ಟನ್ ತಂಡ ಇನ್ನೊಂದು ಹೆಜ್ಜೆ ಮುಂದಿಟ್ಟು, ಒಂದೂ ಪಂದ್ಯ ಆಡದಿದ್ದ ಜಾನ್ ಸಿಂಗಲ್ಟನ್ ಅವರಿಗೆ ಐದು ವರ್ಷಕ್ಕೆ 1 ಕೋಟಿ ಡಾಲರ್ ಖಚಿತಪಡಿಸಿತು. ಹುಡುಗ ತನ್ನನ್ನು ಅಗ್ಗಕ್ಕೆ ಮಾರಿಕೊಂಡನೆಂದು ಹಿರಿಯ ಆಟಗಾರರು ಕೆಲವರು ಬಹಿರಂಗವಾಗಿಯೇ ಆಕ್ಷೇಪಿಸಿದರು. ಆ ತಂಡಕ್ಕಾಗಿ ಎರಡು ಋತುಗಳಲ್ಲಿ ಆತ ಆಡಿದ್ದು 114 ಪಂದ್ಯ, ದಾಂಡಿನ ಸರಾಸರಿ .171, 2018ರಲ್ಲಿ ತಂಡ ಅವರನ್ನು ಬಿಟ್ಟುಕೊಟ್ಟಿತು. ಅಗ್ಗಕ್ಕೆ ಮಾರಿಕೊಂಡವರು ಯಾರೆಂಬುದು ಆಗ ಗೊತ್ತಾಯಿತು. 2018ರ ಮಾರ್ಚ್‌ನಲ್ಲಿ ಫಿಲಡೆಲ್ಫಿಯಾ ತಂಡವು ಸ್ಕಾಟ್ ಕಿಂಗರಿ ಅವರಿಗೆ, ಅವರೂ ಪದಾರ್ಪಣೆ ಮಾಡುವ ಮುನ್ನ, ಆರು ವರ್ಷಕ್ಕೆ 2.4 ಕೋಟಿ ಕೊಟ್ಟಿತು. ಆ ಹಣವೂ ಬಹುಪಾಲು ನೀರಿನ ಮೇಲಿನ ಹೋಮವೇ ಆಯಿತು. ಬೇಸ್‌ಬಾಲ್ ಕರಾರಿನಲ್ಲಿ ಒಪ್ಪಿದ ಹಣ ಖಚಿತ. ಆಟಗಾರ ಸೋತನೆಂದು ಸಂಬಳ ನಿಲ್ಲಿಸುವಂತಿಲ್ಲ. 2021ರ ನವೆಂಬರ್‌ನಲ್ಲಿ ಟ್ಯಾಂಪಾ ಬೇ ತಂಡವು ಇಪ್ಪತ್ತರ ಹರೆಯದ ವ್ಯಾಂಡರ್ ಫ್ರಾಂಕೊ ಅವರೊಡನೆ ಮಾಡಿಕೊಂಡ 11 ವರ್ಷ, 18.2 ಕೋಟಿ ಡಾಲರ್‌ನ ಕರಾರು, ಆಟಕ್ಕೆ ಸಂಬಂಧಿಸದ ಕ್ರಿಮಿನಲ್ ಪ್ರಕರಣದ ಹಿನ್ನೆಲೆಯಲ್ಲಿ 2023ರ ಆಗಸ್ಟ್‌ನಲ್ಲೇ ಸ್ತಬ್ಧವಾಯಿತು. ಇಂಥದ್ದನ್ನು ಯಾವ ಶೋಧಕನ ವರದಿಯೂ ಮುನ್ಸೂಚಿಸದು.

ಹಾಗಾದರೆ ಪಳಗಿದ ಆಟಗಾರನನ್ನೇ ಪೂರ್ಣ ಬೆಲೆ ತೆತ್ತು ಕೊಳ್ಳುವುದು ಕ್ಷೇಮವೇ? ಅದೂ ಅಲ್ಲ. ಮೇಲೆ ಹೇಳಿದ ಬ್ರಯಂಟ್ ಅವರು ಕಬ್ಸ್ ತಂಡದೊಡನೆ ದೀರ್ಘ ಕರಾರಿಗೆ ಒಪ್ಪಲೇ ಇಲ್ಲ. ಮೂವತ್ತರ ವಯಸ್ಸಿನಲ್ಲಿ, 2022ರ ಮಾರ್ಚ್‌ನಲ್ಲಿ, ಕೊಲರಾಡೊ ತಂಡ ಅವರಿಗೆ ಏಳು ವರ್ಷಕ್ಕೆ 18.2 ಕೋಟಿ ಡಾಲರ್ ಕೊಟ್ಟಿತು. ಗಾಯಗಳ ಕಾರಣ 2025ರವರೆಗಿನ ನಾಲ್ಕು ಋತುಗಳಲ್ಲಿ ಆತ ಆಡಿದ್ದು ಒಟ್ಟು 170 ಪಂದ್ಯ. ಒಂದು ಋತುವಿನಲ್ಲಿ 162 ಪಂದ್ಯಗಳಿರುತ್ತವೆ ಎಂಬುದನ್ನು ಗಮನಿಸಬೇಕು. ಹೂವಿನಲ್ಲಿ ಕೊಂಡರೂ ಹಣ್ಣಿನಲ್ಲಿ ಕೊಂಡರೂ ಅಪಾಯ ತಪ್ಪಿದ್ದಲ್ಲ; ಹೂವಿನಲ್ಲಿ ಕೊಂಡವನ ನಷ್ಟ ಸಣ್ಣದು, ಅಷ್ಟೇ.

ಇಲ್ಲಿಯವರೆಗಿನದು ಕೊಳ್ಳುವವನ ಲೆಕ್ಕ. ಮಾರುವವನ ಕಡೆಯಿಂದ ನೋಡಿದರೆ ಚಿತ್ರ ಬೇರೆ. ಅಟ್ಲಾಂಟಾ ತಂಡವು 2019ರ ಏಪ್ರಿಲ್ ತಿಂಗಳಲ್ಲೇ ಎರಡು ಕರಾರುಗಳನ್ನು ಮಾಡಿಕೊಂಡಿತು. ವೆನೆಜುವೆಲಾದ ರೊನಾಲ್ಡ್ ಅಕುನ್ಯಾ ಅವರಿಗೆ ಎಂಟು ವರ್ಷಕ್ಕೆ 10 ಕೋಟಿ ಡಾಲರ್. ಕುರಸಾವ್ ದ್ವೀಪದ ಓಝೀ ಆಲ್ಬೀಸ್ ಅವರಿಗೆ ಏಳು ವರ್ಷಕ್ಕೆ 3.5 ಕೋಟಿ. ಎರಡರಲ್ಲೂ ಹೆಚ್ಚುವರಿ ಎರಡು ವರ್ಷ ಮುಂದುವರಿಸುವ ಆಯ್ಕೆ ತಂಡದ್ದೇ. ಆಲ್ಬೀಸ್ ಅವರ ವಿಷಯದಲ್ಲಿ ಆ ಎರಡು ವರ್ಷಗಳ ಬೆಲೆ ತಲಾ 70 ಲಕ್ಷ ಮಾತ್ರ. ಅಷ್ಟರಲ್ಲಿ ಆತ ಆಲ್-ಸ್ಟಾರ್ ತಂಡಕ್ಕೆ ಆಯ್ಕೆಯಾಗಿದ್ದ ಆಟಗಾರ. ಆಟಗಾರರ ಪ್ರತಿನಿಧಿಗಳೂ ಪತ್ರಕರ್ತರೂ ಆ ಕರಾರನ್ನು ಸುಲಿಗೆಯೆಂಬಂತೆ ಖಂಡಿಸಿದರು.

ಅವರೇಕೆ ಸಹಿ ಹಾಕಿದರು? ಉತ್ತರ ಮೊದಲ ಮುಂಗಡದಲ್ಲಿದೆ. ಅಕುನ್ಯಾ ಅವರು 2014ರಲ್ಲಿ ತಂಡ ಸೇರುವಾಗ ಪಡೆದದ್ದು 1 ಲಕ್ಷ ಡಾಲರ್. ಆಲ್ಬೀಸ್ 2013ರಲ್ಲಿ ಪಡೆದದ್ದು 3.5 ಲಕ್ಷ. ಅದೇ 2013ರಲ್ಲಿ ಬ್ರಯಂಟ್ ಪಡೆದದ್ದು 67 ಲಕ್ಷ. ಕೈಯಲ್ಲಿ 67 ಲಕ್ಷ ಇದ್ದವನು ಆರು ವರ್ಷ ಕಾಯಬಲ್ಲ. ಕುಟುಂಬದ ಹೊಣೆ ಹೊತ್ತು ದ್ವೀಪದಿಂದ ಬಂದವನಿಗೆ ನಾಳೆ ಮೊಣಕಾಲು ಮುರಿದರೆ ಏನು ಗತಿ ಎಂಬ ಚಿಂತೆ. ವಾಷಿಂಗ್ಟನ್ ತಂಡ 2022ರಲ್ಲಿ ನೀಡಬಂದ 15 ವರ್ಷ, 44 ಕೋಟಿ ಡಾಲರ್‌ನ ಕರಾರನ್ನು ಹ್ವಾನ್ ಸೊಟೊ ನಿರಾಕರಿಸಿ, 2024ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕ್ ಮೆಟ್ಸ್‌ನಿಂದ ಅಷ್ಟೇ ಅವಧಿಗೆ 76.5 ಕೋಟಿ ಪಡೆದರು. ಕಾಯುವ ಶಕ್ತಿಯುಳ್ಳವನಿಗೆ ದೊರೆತ ಪ್ರತಿಫಲವದು. ಕಾಯಲಾಗದವರಿಂದ ಭವಿಷ್ಯದ ಗಳಿಕೆಯ ಶೇಕಡಾವಾರು ಪಾಲನ್ನು ಬರೆಸಿಕೊಂಡು, ಕಿರಿಯ ಲೀಗ್‌ಗಳಲ್ಲಿ ಆಡುತ್ತಿರುವಾಗಲೇ ನಗದು ಕೊಡುವ ಸಂಸ್ಥೆಗಳೂ ಅಲ್ಲಿ ಹುಟ್ಟಿಕೊಂಡಿವೆ. ಲೇವಾದೇವಿಯ ಈ ರೂಪವನ್ನು ಇಲ್ಲಿನವರು ಗುರುತಿಸದಿರಲಾರರು.

ಇಷ್ಟಾದರೂ ಎಲ್ಲ ಮುಂಗಡ ಕರಾರುಗಳನ್ನೂ ಶೋಷಣೆಯೆಂದು ತಳ್ಳಿಹಾಕುವುದು ಸರಿಯಲ್ಲ. ಅಕುನ್ಯಾ 2023ರಲ್ಲಿ 41 ಹೋಂ ರನ್, 73 ಕಳವು ಓಟಗಳೊಡನೆ ನ್ಯಾಷನಲ್ ಲೀಗ್‌ನ ಅತ್ಯಮೂಲ್ಯ ಆಟಗಾರನಾಗಿ ಸರ್ವಾನುಮತದಿಂದ ಆಯ್ಕೆಯಾದರು. ಆ ವರ್ಷ ಅವರ ಬೆಲೆ ಸಂಬಳದ ಹಲವು ಪಟ್ಟು ಇತ್ತು ಎಂಬುದರಲ್ಲಿ ಸಂಶಯವಿಲ್ಲ. ಆದರೆ ಅದೇ ಆಟಗಾರ 2021ರ ಜುಲೈಯಲ್ಲಿ ಒಂದು ಮೊಣಕಾಲಿನ ಅಸ್ಥಿರಜ್ಜು ಹರಿದುಕೊಂಡರು, 2024ರ ಮೇ ತಿಂಗಳಲ್ಲಿ ಇನ್ನೊಂದರದನ್ನು. ಎರಡು ಬಾರಿಯೂ ಸಂಬಳ ನಿಲ್ಲಲಿಲ್ಲ. ಕಡಿಮೆ ಬೆಲೆಗೆ ಮಾರಿದವನು ವಿಮೆಯನ್ನು ಕೊಂಡಿದ್ದ. ಕಂತು ದುಬಾರಿಯಾಗಿತ್ತೇ ಎಂಬುದಷ್ಟೇ ಪ್ರಶ್ನೆ. ಅಕುನ್ಯಾ ಅವರ ಕಂತು ದುಬಾರಿಯಾಗಿದ್ದರೂ ಸಹ್ಯ. ಆಲ್ಬೀಸ್ ಅವರದು ಸಹ್ಯವೆನ್ನಲಾಗದು: ಖಚಿತ ಮೊತ್ತ ಅಲ್ಪವಾಗಿದ್ದಲ್ಲದೆ, ಮುಕ್ತ ಮಾರುಕಟ್ಟೆಗೆ ಸೇರಬೇಕಾಗಿದ್ದ ವರ್ಷಗಳನ್ನೂ ಬಹುತೇಕ ಬಿಟ್ಟಿಯಾಗಿ ಬರೆಸಿಕೊಳ್ಳಲಾಗಿತ್ತು. ಮುಂದುವರಿಸುವ ಅಥವಾ ಕೈಬಿಡುವ ಆಯ್ಕೆ ಎಂಬುದೇ ಒಂದು ಸರಕು. ಅದಕ್ಕೆ ಪ್ರತ್ಯೇಕ ಬೆಲೆ ಕೊಡದೆ ಪಡೆಯುವುದು ತೂಕದಲ್ಲಿ ಕೈಚಳಕ ತೋರಿದಂತೆ. ಗಣಕದ ಆಟದಲ್ಲಿ ಈ ಸಂಕೋಚಕ್ಕೆ ಎಡೆಯಿಲ್ಲ. ಅಲ್ಲಿ ಆಟಗಾರನೆಂದರೆ ಅಂಕಿಗಳ ಸಾಲು, ಅವನಿಗೆ ಮನೆಯಿಲ್ಲ, ತಾಯಿಯಿಲ್ಲ, ಸಾಲವಿಲ್ಲ.

ಚಿಕ್ಕ ಉದ್ಯಮಿಗೆ ಈ ಎಲ್ಲದರಲ್ಲಿ ಅತ್ಯಂತ ತೊಡಕಿನ ಅಂಶ ಬೇರೊಂದಿದೆ. ಹತ್ತು ಕರಾರು ಮಾಡಿ ಮೂರರಲ್ಲಿ ಸೋಲಲು ಶಕ್ತಿಯುಳ್ಳವನಿಗೆ ಸರಾಸರಿ ಎಂಬುದು ಆಸರೆ. ಒಂದೇ ಲೇತ್, ಒಬ್ಬನೇ ನುರಿತ ಟರ್ನರ್ ಇರುವ ಘಟಕಕ್ಕೆ ಸರಾಸರಿ ಎಂಬುದಿಲ್ಲ. ಅವನು ನಿಂತರೆ ಪೂರ್ತಿ, ಹೋದರೆ ಶೂನ್ಯ. ಟ್ಯಾಂಪಾ ಬೇಯಂತಹ ಬಡ ತಂಡಕ್ಕೂ ಇದೇ ಸಂಕಟ: ಪೂರ್ಣ ಬೆಲೆಗೆ ಕೊಳ್ಳಲಾಗದ ಕಾರಣ ಮುಂಗಡ ಕರಾರು ಅದಕ್ಕೇ ಹೆಚ್ಚು ಅಗತ್ಯ, ಆದರೆ ಒಂದು ಕರಾರು ಕೆಟ್ಟರೆ ತಾಳಿಕೊಳ್ಳುವ ಬಲ ಅದಕ್ಕೇ ಕಡಿಮೆ. ನ್ಯೂಯಾರ್ಕ್, ಲಾಸ್ ಏಂಜಲೀಸ್‌ನ ತಂಡಗಳು ತಪ್ಪನ್ನು ನುಂಗಿ ಮುಂದೆ ಸಾಗುತ್ತವೆ.

ಅಷ್ಟೇ ಅಲ್ಲದೆ, ಅಮೆರಿಕದ ತಂಡಗಳಿಗೆ ದೊರೆಯುವ ರಿಯಾಯಿತಿಯ ಮೂಲ ಅವುಗಳ ವ್ಯವಹಾರ ಚಾತುರ್ಯವಲ್ಲ, ಆ ಆರು ವರ್ಷಗಳ ಹಿಡಿತ. 1922ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯವು ಬೇಸ್‌ಬಾಲನ್ನು ಏಕಸ್ವಾಮ್ಯ ವಿರೋಧಿ ಕಾನೂನಿನ ವ್ಯಾಪ್ತಿಯಿಂದ ಹೊರಗಿಟ್ಟಿತು. ಇಂದು ಆ ಹಿಡಿತ ಆಟಗಾರರ ಸಂಘದೊಡನೆ ಮಾಡಿಕೊಂಡ ಒಪ್ಪಂದದ ಬಲದಿಂದ ನಡೆಯುತ್ತದೆ. ಭಾರತದ ಉದ್ಯೋಗದಾತನಿಗೆ ಅಂಥ ಹಿಡಿತವಿಲ್ಲ. 1872ರ ಕರಾರು ಅಧಿನಿಯಮದ 27ನೇ ಕಲಮು ವೃತ್ತಿಗೆ ಅಡ್ಡಿಯಾಗುವ ಕರಾರನ್ನು ಅಸಿಂಧುವೆನ್ನುತ್ತದೆ. ಕರ್ನಾಟಕದ ಉಚ್ಚ ನ್ಯಾಯಾಲಯದಿಂದ ಮೇಲೇರಿದ ವಿಜಯಾ ಬ್ಯಾಂಕ್ ಪ್ರಕರಣದಲ್ಲಿ, ಮೂರು ವರ್ಷ ಮುಗಿಯುವ ಮುನ್ನ ಕೆಲಸ ಬಿಟ್ಟ ಅಧಿಕಾರಿ 2 ಲಕ್ಷ ರೂಪಾಯಿ ತೆರಬೇಕೆಂಬ ಷರತ್ತನ್ನು ಸರ್ವೋಚ್ಚ ನ್ಯಾಯಾಲಯ 2025ರ ಮೇ ತಿಂಗಳಲ್ಲಿ ಎತ್ತಿಹಿಡಿಯಿತು, ನಿಜ. ಆದರೆ ಅದು ನೌಕರನನ್ನು ಹಿಡಿದಿಡುವ ಅಧಿಕಾರವಲ್ಲ. ಹಠಾತ್ತನೆ ಬಿಟ್ಟುಹೋದಾಗ ಆಗುವ ನಷ್ಟಕ್ಕೆ ಪರಿಹಾರ ಮಾತ್ರ. ಬೇಸ್‌ಬಾಲ್ ತಂಡ ಕೊಳ್ಳುವುದು ಕಾಲವನ್ನು. ಇಲ್ಲಿನ ಕಾರ್ಖಾನೆಯವನು ಕೊಳ್ಳಬಲ್ಲದ್ದು ಉಳಿಯಬೇಕೆಂಬ ಮನಸ್ಸನ್ನು. ಎರಡನೆಯದಕ್ಕೆ ರಿಯಾಯಿತಿ ದರವೆಂಬುದಿಲ್ಲ. ಹುಡುಗನಿಗೆ ಮಾರುಕಟ್ಟೆಗಿಂತ ಕಡಿಮೆ ಸಂಬಳವನ್ನು ಐದು ವರ್ಷಕ್ಕೆ ಬರೆಸಿಕೊಂಡು ನಿಶ್ಚಿಂತರಾದೆವೆಂದು ಭಾವಿಸುವ ಮಾಲೀಕರು, ಹುಡುಗನಿಗೆ ಇನ್ನೊಂದು ಕಡೆಯಿಂದ ಕರೆ ಬಂದ ದಿನ ಕಾಗದವನ್ನಷ್ಟೇ ಹಿಡಿದು ನಿಲ್ಲುತ್ತಾರೆ.

ಅಮೆರಿಕದಲ್ಲೂ ಆ ಹಿಡಿತ ನಿಧಾನವಾಗಿ ಸಡಿಲಗೊಳ್ಳುತ್ತಿದೆ. 2022ರ ಒಪ್ಪಂದದಲ್ಲಿ, ಮಧ್ಯಸ್ಥಿಕೆಯ ಹಂತ ತಲುಪದ ಕಿರಿಯ ಆಟಗಾರರಲ್ಲಿ ಉತ್ತಮರಿಗೆ ಹಂಚಲೆಂದು ವರ್ಷಕ್ಕೆ 5 ಕೋಟಿ ಡಾಲರ್‌ನ ನಿಧಿಯೊಂದನ್ನು ಸ್ಥಾಪಿಸಲಾಯಿತು. ಕಾಯುವ ಅವಧಿಯಲ್ಲಿ ಕೈಗೆ ಒಂದಿಷ್ಟು ಹಣ ಬಂದರೆ ಅಗ್ಗಕ್ಕೆ ಸಹಿ ಹಾಕುವ ಒತ್ತಡ ಅಷ್ಟರಮಟ್ಟಿಗೆ ಇಳಿಯುತ್ತದೆ. ಆ ಒಪ್ಪಂದದ ಅವಧಿ 2026ರ ಡಿಸೆಂಬರ್ 1ರವರೆಗೆ. ಅನಂತರದ ಒಪ್ಪಂದದಲ್ಲಿ ಆರು ವರ್ಷದ ಗಡಿ ಐದಕ್ಕಿಳಿದರೆ, ಹಳೆಯ ಗಡಿಯನ್ನು ನಂಬಿ ಬೆಲೆ ಕಟ್ಟಿದ ಕರಾರುಗಳನ್ನೆಲ್ಲ ತಂಡಗಳು ಹೊಸದಾಗಿ ತೂಗಿ ನೋಡಬೇಕಾಗುತ್ತದೆ. ಗಣಕದ ಆಟ ರಚಿಸುವವರೂ ತಮ್ಮ ಸೂತ್ರಗಳನ್ನು ತಿದ್ದಬೇಕಾಗುತ್ತದೆ.